ಡೊಮಿನಿಕ್ ಡಿಸೋಜ: ರಕ್ತ ಕೊಟ್ಟಿದ್ದಕ್ಕೆ 64 ದಿನ ಬಂಧನ

ನಮ್ಮ ಸಿಂಧನೂರು, ಲಿಂಗಸೂಗೂರು, ಮಸ್ಕಿ ಕಡೆಯಿಂದ ಬೆಂಗಳೂರು, ಪುಣೆ, ಗೋವಾ ಅಂತ ದುಡಿಯಾಕ ಹೋಗೋರು ಬಹಳ ಮಂದಿ. ಅದೇ ಗೋವಾದವರು ಡೊಮಿನಿಕ್ ಡಿಸೋಜ. ಎಚ್‌ಐವಿ ಬಗ್ಗೆ ಮಾತಾಡೋಕೆ ನಾಚೋ ನಮ್ಮ ವಯಸ್ಸಿನವರು ಇವರ ಬದುಕು ತಿಳಿದಿರಬೇಕು.

ಡೊಮಿನಿಕ್ ವನ್ಯಜೀವಿ ರಕ್ಷಣೆಯ ಡಬ್ಲ್ಯುಡಬ್ಲ್ಯುಎಫ್ ಸಂಸ್ಥೆಯಲ್ಲಿ ಕೆಲಸಕ್ಕಿದ್ದರು. ಆಗಾಗ ರಕ್ತದಾನ ಮಾಡುತ್ತಿದ್ದರು. ಹಾಗೆ ಕೊಟ್ಟ ರಕ್ತದಲ್ಲಿ ಎಚ್‌ಐವಿ ಸೋಂಕು ಕಂಡಿತು. 1989ರ ಫೆಬ್ರವರಿಯಲ್ಲಿ ಪೊಲೀಸರು ಅವರನ್ನು ಹಿಡಿದುಕೊಂಡು ಹೋದರು. ಸೋಂಕಿತರನ್ನು ಬೇರೆ ಇಡಬೇಕು ಅಂತ ಆಗ ಗೋವಾದಲ್ಲಿ ಕಾನೂನೇ ಇತ್ತು. ಹಳೇ ಕ್ಷಯರೋಗ ಆಸ್ಪತ್ರೆಯೊಂದರಲ್ಲಿ 64 ದಿನ ಒಬ್ಬರನ್ನೇ ಕಾವಲಿನಲ್ಲಿ ಕೂಡಿಹಾಕಿದರು.

ತಾಯಿ ಲೂಸಿ ಸುಮ್ಮನೆ ಕೂರಲಿಲ್ಲ, ಬಾಂಬೆ ಹೈಕೋರ್ಟಿಗೆ ಹೋದರು. ವಕೀಲ ಆನಂದ್ ಗ್ರೋವರ್ ವಾದಿಸಿದರು. ಡೊಮಿನಿಕ್ ಮನೆಗೆ ಬಂದರು. ಆದ್ರೆ ಕಾನೂನು ಸರಿಯಾಗೇ ಇದೆ ಅಂತ ಕೋರ್ಟು ತೀರ್ಪು ಕೊಟ್ಟಿತು. ಅವರ ಕೆಲಸವೂ ಹೋಯಿತು.

ಇಷ್ಟೆಲ್ಲ ಮಾಡಿದ್ದರಿಂದ ಸೋಂಕು ನಿಂತಿತೇ? ಇಲ್ಲ. ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಸೊಳ್ಳೆ ಕಚ್ಚಿದರೆ ಎಚ್‌ಐವಿ ಬರೋದಿಲ್ಲ. ಅದು ಬರುವ ದಾರಿ ನಾಲ್ಕೇ: ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕ, ಸೋಂಕಿನ ರಕ್ತ, ಒಬ್ಬರು ಬಳಸಿದ ಸೂಜಿ, ತಾಯಿಯಿಂದ ಮಗುವಿಗೆ. ಗೊತ್ತಾದ ಒಬ್ಬರಿಗೆ ಬೀಗ ಹಾಕಿದರೆ, ಪರೀಕ್ಷೆಯನ್ನೇ ಮಾಡಿಸದ ಹತ್ತು ಮಂದಿ ಹೊರಗೇ ಇರ್ತಾರೆ. ಮೇಲಾಗಿ, ಹಿಡಿದು ಒಯ್ಯುತ್ತಾರೆ ಅಂದ್ರೆ ಪರೀಕ್ಷೆಗೆ ಯಾರು ಬರ್ತಾರೆ?

ಡೊಮಿನಿಕ್ ಬಾಯಿ ಮುಚ್ಚಿಕೊಂಡು ಬದುಕಲಿಲ್ಲ. ತಮ್ಮಂಥವರಿಗಾಗಿ 'ಪಾಸಿಟಿವ್ ಪೀಪಲ್' ಸಂಸ್ಥೆ ಕಟ್ಟಲು ಹೊರಟರು. 1992ರ ಮೇ ತಿಂಗಳಲ್ಲಿ ತೀರಿಕೊಂಡರು, ಸಂಸ್ಥೆ ಉಳಿಯಿತು. 2005ರ 'ಮೈ ಬ್ರದರ್ ನಿಖಿಲ್' ಸಿನಿಮಾಕ್ಕೆ ಅವರ ಬದುಕೇ ಪ್ರೇರಣೆ.

ಅವರ ಕಾಲದಲ್ಲಿ ಇಲ್ಲದ್ದು ಇಂದು ನಮಗಿದೆ. ದಿನಾ ಮಾತ್ರೆ ತಗೊಂಡು, ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಇಳಿದು ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡೋದಿಲ್ಲ. ಕಾಂಡೋಮ್ ಪ್ರತಿ ಸಲವೂ ಬೇಕು. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚಿದರೆ ಅದು ಹರಿಯುತ್ತೆ. ಅಪಾಯ ಆಗಿಹೋಯ್ತು ಅನಿಸಿದರೆ 72 ಗಂಟೆಯೊಳಗೆ ಆಸ್ಪತ್ರೆಗೆ ಹೋಗಿ, ತಡೆಯುವ ಔಷಧ ಇದೆ. ಸೋಂಕು ತಗುಲಿದ ಕೂಡಲೇ ಪರೀಕ್ಷೆಯಲ್ಲಿ ಕಾಣೋದಿಲ್ಲ, ಹಾಗಾಗಿ ಡಾಕ್ಟರು ಹೇಳಿದಾಗ ಮತ್ತೊಮ್ಮೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ ಪರೀಕ್ಷೆ ಉಚಿತ. ಮೊದಲು ಮಾತಾಡಬೇಕು ಅನಿಸಿದರೆ 1097ಕ್ಕೆ ಫೋನ್ ಮಾಡಿ.

2017ರ ಎಚ್‌ಐವಿ ಕಾಯ್ದೆ ಪ್ರಕಾರ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಸೋಂಕಿನ ಕಾರಣಕ್ಕೆ ಯಾರನ್ನೂ ಬೇರೆ ಇಡುವಂತಿಲ್ಲ. ಡೊಮಿನಿಕ್‌ಗೆ ಸಿಗದ ಈ ಹಕ್ಕು ಇಂದು ಎಲ್ಲರಿಗೂ ಇದೆ. ಹೆದರದೆ ಪರೀಕ್ಷೆ ಮಾಡಿಸಿಕೊಳ್ಳಿ.