ಬಿ. ಎಲ್. ರೈಸ್

ಬೇರಿಕೆ, ಹೊಸೂರು ಕಡೆಯ ಹೊಲಗಳ ಬದುವಿನಲ್ಲಿ, ಮರದ ಬುಡದಲ್ಲಿ ವೀರಗಲ್ಲುಗಳನ್ನು ನೀವು ನೋಡಿರುತ್ತೀರಿ. ಕೆಲವದರ ಮೇಲೆ ಹಳಗನ್ನಡದ ಬರಹವೂ ಇರುತ್ತದೆ. ಇಂತಹ ಕಲ್ಲುಗಳನ್ನು ಸಾವಿರಾರು ಸಂಖ್ಯೆಯಲ್ಲಿ ಓದಿಸಿ ಅಚ್ಚು ಮಾಡಿಸಿದವರು ಬೆಂಜಮಿನ್ ಲೂಯಿಸ್ ರೈಸ್.

ರೈಸರು 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ತಂದೆ ಪಾದ್ರಿಗಳು. ಇಂಗ್ಲೆಂಡಿನಲ್ಲಿ ಓದಿ ಬಂದ ಮಗ 1860ರಲ್ಲಿ ಬೆಂಗಳೂರಿನ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾದರು. ಮುಂದೆ ಶಾಲಾ ತನಿಖಾಧಿಕಾರಿಯಾಗಿ ಊರೂರು ತಿರುಗುವಾಗ ಶಾಸನಗಳು ಅವರ ಕಣ್ಣಿಗೆ ಬಿದ್ದವು. ಅವರ ಉದ್ಯೋಗ ಶಾಲೆಗಳನ್ನು ನೋಡುವುದು, ಕಲ್ಲು ಓದುವುದಲ್ಲ. ಆದರೂ ಮೇಜರ್ ಡಿಕ್ಸನ್ನರು 1865ರಲ್ಲಿ ತೆಗೆದಿದ್ದ ಶಾಸನಗಳ ಛಾಯಾಚಿತ್ರಗಳನ್ನು ಅನುವಾದಿಸಿ 1879ರಲ್ಲಿ ಪುಸ್ತಕ ಮಾಡಿದರು.

1885ರಲ್ಲಿ ಮೈಸೂರು ಸಂಸ್ಥಾನದಲ್ಲಿ ಪುರಾತತ್ತ್ವ ಇಲಾಖೆ ಆರಂಭವಾಯಿತು. ರೈಸರೇ ಅದರ ಮುಖ್ಯಸ್ಥರು. 1892ರಲ್ಲಿ ಚಿತ್ರದುರ್ಗದ ಕಡೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಸಿಕ್ಕಿತು. 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ ಹೆಸರಿನ 12 ಸಂಪುಟಗಳಲ್ಲಿ ಸುಮಾರು 9,000 ಶಾಸನಗಳು ಮೂಲ ಪಾಠ ಮತ್ತು ಇಂಗ್ಲಿಷ್ ಅನುವಾದದೊಡನೆ ಹೊರಬಂದವು. ನಮಗೆ ಹತ್ತಿರದ ಮಾಲೂರು, ಆನೇಕಲ್ಲುಗಳ ಶಾಸನಗಳು 1905ರ ಸಂಪುಟಗಳಲ್ಲಿವೆ. ಹೊಸೂರು ಆಗ ಮದರಾಸು ಪ್ರಾಂತದ ಸೇಲಂ ಜಿಲ್ಲೆಗೆ ಸೇರಿತ್ತು. ಆದುದರಿಂದ ನಮ್ಮ ಕಲ್ಲುಗಳು ಅವುಗಳಲ್ಲಿ ಇಲ್ಲ!

1906ರಲ್ಲಿ ರೈಸರು ನಿವೃತ್ತರಾದರು. ವಯಸ್ಸು ಎಪ್ಪತ್ತರ ಹತ್ತಿರ. ಇಲಾಖೆಯನ್ನು ಆರ್. ನರಸಿಂಹಾಚಾರ್ಯರಿಗೆ ಒಪ್ಪಿಸಿ ಇಂಗ್ಲೆಂಡಿನ ಹ್ಯಾರೋ ಊರಿಗೆ ಹೋದರು. ಇಲ್ಲಿ ಸ್ವಲ್ಪ ಯೋಚಿಸಿರಿ. ಇಲಾಖೆಯಲ್ಲಿ ತಯಾರಾದ ಪ್ರತಿಗಳು ಸಂಸ್ಥಾನದ ಸ್ವತ್ತು. ಅವುಗಳನ್ನು ಮನೆಗೆ ಒಯ್ಯುವಂತಿಲ್ಲ. ಇಪ್ಪತ್ತು ವರ್ಷಗಳ ದುಡಿಮೆಯಿಂದ ತಿಳಿದುದನ್ನೆಲ್ಲ ಒಂದೆಡೆ ಸೇರಿಸಿ ಬರೆಯುವುದು ಹೇಗೆ? ರೈಸರಿಗೆ ಆ ತೊಡಕು ಬರಲಿಲ್ಲ. ಓದಿದ ಶಾಸನಗಳನ್ನು ಕಪಾಟಿನಲ್ಲಿ ಕೂಡಿಡದೆ ಕೆಲಸದಲ್ಲಿದ್ದಾಗಲೇ ಅಚ್ಚಿಗೆ ಕೊಟ್ಟಿದ್ದರಲ್ಲವೇ? ಆ ಸಂಪುಟಗಳು ಎಲ್ಲರಿಗೂ ತೆರೆದಿದ್ದವು, ಹ್ಯಾರೋವಿನಲ್ಲಿದ್ದ ಅವರಿಗೂ. ಅವುಗಳ ಆಧಾರದಿಂದ ಗಂಗರು, ಹೊಯ್ಸಳರು ಮುಂತಾದ ಅರಸುಮನೆತನಗಳ ಚರಿತ್ರೆಯನ್ನು ಬರೆದು 1909ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದರು. 1914ರಲ್ಲಿ ಕೊಡಗಿನ ಶಾಸನಗಳ ಸಂಪುಟವನ್ನೂ ಪರಿಷ್ಕರಿಸಿ ಕೊಟ್ಟರು. 1927ರಲ್ಲಿ ಹ್ಯಾರೋವಿನಲ್ಲಿಯೇ ತೀರಿಕೊಂಡರು.

ನರಸಿಂಹಾಚಾರ್ಯರದೂ ಹೀಗೆಯೇ ಆಯಿತು. ರೈಸರು 1889ರಲ್ಲಿ ಶ್ರವಣಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದ್ದರು. ಆಚಾರ್ಯರು ಹುಡುಕಿ ಅವುಗಳನ್ನು 500ಕ್ಕೆ ಏರಿಸಿದರು. ಆ ಸಂಪುಟ ಹೊರಬಂದದ್ದು 1923ರಲ್ಲಿ, ಅವರು ನಿವೃತ್ತರಾದ ಮರುವರ್ಷ.