ಮಹಾವೀರಾಚಾರ್ಯರ ಎರಡು ಆಯತಗಳು

ನಾನು ಬರೆಯುತ್ತಿರುವುದು ತೀರ್ಥಂಕರ ಮಹಾವೀರರ ಬಗ್ಗೆ ಅಲ್ಲ. ಇವರು ಗಣಿತದ ಮಹಾವೀರಾಚಾರ್ಯರು. ಇವರೂ ಜೈನರೇ, ಆದರೆ ಎಷ್ಟೋ ನೂರು ವರ್ಷ ಆಮೇಲಿನವರು. ಕ್ರಿ.ಶ. 850ರ ಸುಮಾರಿಗೆ ಇದ್ದರು. ಆಗ ನಮ್ಮ ನಾಡನ್ನು ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ ಆಳುತ್ತಿದ್ದ. ಅವನ ರಾಜಧಾನಿ ಮಾನ್ಯಖೇಟ, ಅಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ನೃಪತುಂಗ ಅಂದ ಕೂಡಲೇ ನಾವೆಲ್ಲ ಕವಿರಾಜಮಾರ್ಗ ಅಂತ ಬಾಯಿಪಾಠ ಒಪ್ಪಿಸುತ್ತೇವೆ. ಅದೇ ಕಾಲದಲ್ಲಿ ಒಂದು ದೊಡ್ಡ ಲೆಕ್ಕದ ಪುಸ್ತಕವೂ ಹುಟ್ಟಿತು ಅಂತ ಯಾರೂ ಹೇಳುವುದೇ ಇಲ್ಲ!

ಆ ಪುಸ್ತಕವೇ ಗಣಿತಸಾರಸಂಗ್ರಹ. ಸಂಸ್ಕೃತದಲ್ಲಿ, ಶ್ಲೋಕಗಳಲ್ಲಿ ಇದೆ. ಅವರಿಗಿಂತ ಮೊದಲು ಆರ್ಯಭಟ, ಬ್ರಹ್ಮಗುಪ್ತ ಇವರೆಲ್ಲ ಗಣಿತವನ್ನು ಖಗೋಳದ ಪುಸ್ತಕದೊಳಗೇ ಸೇರಿಸಿ ಬರೆದಿದ್ದರು. ಮಹಾವೀರಾಚಾರ್ಯರು ಗಣಿತಕ್ಕೇ ಅಂತ ಬೇರೆ ಪುಸ್ತಕ ಮಾಡಿದರು. ಸಂಗೀತಕ್ಕೆ, ವೈದ್ಯಕ್ಕೆ, ಮನೆ ಕಟ್ಟುವುದಕ್ಕೆ, ಅಡುಗೆಗೆ ಕೂಡ ಲೆಕ್ಕ ಬೇಕು ಅಂತ ಮೊದಲೇ ಹೇಳಿದ್ದಾರೆ. ತಂದೆ ತಾಯಿ ಯಾರು, ಊರು ಯಾವುದು ಅಂತ ತಮ್ಮ ಬಗ್ಗೆ ಮಾತ್ರ ಏನೂ ಹೇಳಿಕೊಂಡಿಲ್ಲ. ಜಿನನಿಗೆ ಕೈಮುಗಿದು, ರಾಜನನ್ನು ಹೊಗಳಿ, ಲೆಕ್ಕ ಶುರು ಮಾಡಿಬಿಡುತ್ತಾರೆ.

ಅದರಲ್ಲಿ ಕ್ಷೇತ್ರಗಣಿತ ಅಂತ ಒಂದು ಭಾಗ ಇದೆ. ತ್ರಿಕೋನ, ವೃತ್ತ ಅಲ್ಲದೆ ಶಂಖ, ಮೃದಂಗ, ಆನೆಯ ದಂತದ ಆಕಾರಗಳಿಗೂ ಲೆಕ್ಕ ಕೊಟ್ಟಿದ್ದಾರೆ. ನನಗೆ ಬಹಳ ಇಷ್ಟವಾದದ್ದು ಎರಡೆರಡು ಆಯತಗಳ ಲೆಕ್ಕ. ಸುತ್ತಳತೆ ಎರಡಕ್ಕೂ ಒಂದೇ ಇರಬೇಕು, ಆದರೆ ಒಂದರ ವಿಸ್ತೀರ್ಣ ಇನ್ನೊಂದರ ಎರಡರಷ್ಟಿರಬೇಕು. ಇದು ಆಗುವುದೇ ಇಲ್ಲ ಅಂತ ಅನ್ನಿಸುತ್ತದೆ ಅಲ್ಲವೇ? 14 ಬೆಂಕಿಕಡ್ಡಿ ತೆಗೆದುಕೊಳ್ಳಿ. ಉದ್ದ 4, ಅಗಲ 3 ಇಟ್ಟರೆ ಒಳಗೆ 12 ಚೌಕ ಹಿಡಿಸುತ್ತವೆ. ಅದೇ ಕಡ್ಡಿಗಳಲ್ಲಿ ಉದ್ದ 6, ಅಗಲ 1 ಇಟ್ಟರೆ ಬರೀ 6 ಚೌಕ! (ಈ ಅಂಕಿ ನಾನು ಹುಡುಕಿದ್ದು, ಅವರ ಪುಸ್ತಕದ್ದಲ್ಲ.)

ಇದು ಗೊತ್ತಾದ ಮೇಲೆ ನಾನು ಟೇಪು ಹಿಡಿದು ನಮ್ಮ ಹಿತ್ತಿಲು ಅಳೆದೆ. ಅಪ್ಪ, ದೊಡ್ಡಪ್ಪ ಪಾಲಾದಾಗ ಇಬ್ಬರ ಬೇಲಿಗೂ 160 ಅಡಿ ತಂತಿ ಹಿಡಿಯಿತು, ಪಾಲು ಸಮ ಆಯ್ತು ಅಂತ ಹಿರಿಯರು ಹೇಳಿದ್ದರಂತೆ. ದೊಡ್ಡಪ್ಪನದು ಉದ್ದ 40 ಅಡಿ, ಅಗಲ 40 ಅಡಿ. ನಮ್ಮದು ಉದ್ದ 60, ಅಗಲ 20. ಅವರದು 1600 ಚದರ ಅಡಿ, ನಮ್ಮದು 1200. ಅಪ್ಪ ಕೇಳಿ ಸುಮ್ಮನಾದರು. ದೊಡ್ಡಪ್ಪ ಒಪ್ಪಲಿಲ್ಲ, ತಂತಿ ಒಂದೇ ಉದ್ದ ತಾನೇ ಅಂದರು. ಚೌಕುಳಿ ಹಾಳೆಯಲ್ಲಿ ಎರಡು ಅಡಿಗೆ ಒಂದು ಮನೆ ಅಂತ ಬಿಡಿಸಿ ಎಣಿಸಿ ತೋರಿಸಿದೆ. ಒಂದರಲ್ಲಿ 400 ಮನೆ, ಇನ್ನೊಂದರಲ್ಲಿ 300. ಬೇಲಿ ಈಗಲೂ ಅಲ್ಲೇ ಇದೆ. ಆದರೆ ಈ ಸಲ ಅವರ ಕಡೆಯ ಬಾಳೆಗೊನೆ ಒಂದು ನಮ್ಮ ಮನೆಗೆ ಬಂತು.

ಮಹಾವೀರಾಚಾರ್ಯರು ಒಂದೊಂದು ಆಕಾರಕ್ಕೂ ವ್ಯವಹಾರಕ್ಕೆ ಸಾಕಾಗುವ ಒರಟು ಲೆಕ್ಕ ಬೇರೆ, ಸೂಕ್ಷ್ಮ ಲೆಕ್ಕ ಬೇರೆ ಕೊಡುತ್ತಾರೆ. ವೃತ್ತದ ಸುತ್ತಳತೆ ಒರಟಾಗಿ ವ್ಯಾಸದ 3 ಪಟ್ಟು, ಸೂಕ್ಷ್ಮವಾಗಿ 10ರ ವರ್ಗಮೂಲದಷ್ಟು ಪಟ್ಟು, ಅಂದರೆ ಸುಮಾರು 3.16. ನಾವು ಹಾಕುವ 22/7 ಸುಮಾರು 3.14. ಹಾಗಾಗಿ ಅವರ ಸೂಕ್ಷ್ಮವೂ ಸ್ವಲ್ಪ ಹೆಚ್ಚೇ!

ಅವರು ತೀರಿಕೊಂಡ ಮೇಲೂ ಪುಸ್ತಕ ಬದುಕಿತು. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಎಂಬ ಕವಿ ತೆಲುಗಿಗೆ ತಂದ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದ ಸಮೇತ ಅಚ್ಚು ಹಾಕಿಸಿದರು.

ಅವರ ಇನ್ನೊಂದು ಬಗೆಯ ಲೆಕ್ಕ ನಿಮಗೆ ಬಿಟ್ಟಿದ್ದೇನೆ. ಇದರಲ್ಲಿ ವಿಸ್ತೀರ್ಣ ಸಮ, ಸುತ್ತಳತೆ ಎರಡರಷ್ಟು. ಒಂದು ಆಯತದ ಉದ್ದ 10, ಅಗಲ 6. ಅಷ್ಟೇ ವಿಸ್ತೀರ್ಣ ಇದ್ದು, ಸುತ್ತಳತೆ ಇದರ ಎರಡರಷ್ಟಿರುವ ಆಯತ ಯಾವುದು? ಉತ್ತರವನ್ನು ಚೀಟಿಯಲ್ಲಿ ಬರೆದು ಶನಿವಾರದೊಳಗೆ ಏಳನೇ ತರಗತಿಗೆ ಕೊಡಿ.