ವರ್ಷಕ್ಕೆ ಒಂದು ಗುಲ್ಡನ್ ಬಾಡಿಗೆ

ಪಿಜಿ ಬಾಡಿಗೆ ಪ್ರತಿ ವರ್ಷ ಏರುತ್ತೆ ಅನ್ನೋದು ನಮಗೆಲ್ಲ ಗೊತ್ತೇ ಇದೆ. ಆದರೆ 1521ರಿಂದ ಇವತ್ತಿನವರೆಗೂ ಬಾಡಿಗೆ ಏರದ ಒಂದು ಬಡಾವಣೆ ಇದೆ ಅಂದ್ರೆ ನಂಬ್ತೀರಾ? ಜರ್ಮನಿಯ ಆಗ್ಸ್‌ಬರ್ಗ್ ಊರಿನ ಫುಗ್ಗರೈ ಅದು. ಕಟ್ಟಿಸಿದವರು ಯಾಕೋಬ್ ಫುಗ್ಗರ್.

ಯಾಕೋಬ್ 1459ರಲ್ಲಿ ಅದೇ ಊರಲ್ಲಿ ಹುಟ್ಟಿದರು. ಅಜ್ಜ ಹಳ್ಳಿಯಿಂದ ಬಂದ ನೇಕಾರ. ಮೊಮ್ಮಗ ವೆನಿಸ್‌ನಲ್ಲಿ ವ್ಯಾಪಾರ ಕಲಿತು, ಟಿರೋಲ್‌ನ ಬೆಳ್ಳಿ ಮತ್ತು ಹಂಗೇರಿಯ ತಾಮ್ರದಿಂದ ಸಿಕ್ಕಾಪಟ್ಟೆ ದುಡ್ಡು ಮಾಡಿದರು. ರಾಜರಿಗೇ ಸಾಲ ಕೊಟ್ಟರು. 1519ರಲ್ಲಿ ಐದನೇ ಚಾರ್ಲ್ಸ್ ಚಕ್ರವರ್ತಿಯಾಗಿ ಆಯ್ಕೆಯಾಗಲು ಸುರಿದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಇವರದೇ.

ಇಷ್ಟು ಶ್ರೀಮಂತರು ತಮ್ಮ ಊರಿನ ಬಡ ಕೆಲಸಗಾರರಿಗೆ ಮನೆ ಕಟ್ಟಿಸಲು ಹೊರಟರು. 1523ರ ಹೊತ್ತಿಗೆ 52 ಮನೆಗಳು ಎದ್ದವು. ಇದರ ಪ್ಲಾನ್ ನಮ್ಮ ಸಿವಿಲ್ ಬ್ರಾಂಚ್‌ನವರು ನೋಡಲೇಬೇಕು. ಎಲ್ಲವೂ ಸಾಲಾಗಿ ನಿಂತ, ಒಂದೇ ಅಳತೆಯ ಎರಡಂತಸ್ತಿನ ಮನೆಗಳು. ಕೆಳಗೊಂದು ಕುಟುಂಬ, ಮೇಲೊಂದು ಕುಟುಂಬ. ಆದರೆ ಇಬ್ಬರಿಗೂ ಬೀದಿಗೆ ತೆರೆಯುವ ಬೇರೆ ಬೇರೆ ಬಾಗಿಲು! ಬಾಡಿಗೆ ವರ್ಷಕ್ಕೆ ಒಂದು ರೈನ್ ಗುಲ್ಡನ್. ಇವತ್ತಿನ ಲೆಕ್ಕದಲ್ಲಿ 88 ಸೆಂಟ್, ಅಂದ್ರೆ ಒಂದು ಯೂರೋ ಕೂಡ ಇಲ್ಲ.

ಷರತ್ತುಗಳೂ ಇದ್ದವು. ಬಡವರಾಗಿರಬೇಕು, ಅದೇ ಊರಿನವರಾಗಿರಬೇಕು, ಕ್ಯಾಥೊಲಿಕ್ ಆಗಿರಬೇಕು. ದಿನಕ್ಕೆ ಮೂರು ಪ್ರಾರ್ಥನೆ ದಾನಿಯ ಹೆಸರಲ್ಲಿ ಮಾಡಬೇಕು. ಭಿಕ್ಷುಕರಿಗೆ ಜಾಗ ಇರಲಿಲ್ಲ.

ಇವರ ಬದುಕಿನ ಇನ್ನೊಂದು ಮುಖವನ್ನೂ ಹೇಳಲೇಬೇಕು. 1525ರಲ್ಲಿ ಆ ಸೀಮೆಯ ರೈತರು ದಂಗೆ ಎದ್ದು, ಹನ್ನೆರಡು ಬೇಡಿಕೆಗಳನ್ನು ಬರೆದು ಮುಂದಿಟ್ಟರು. ಅವರು ಕೇಳಿದ್ದು ದಾನ ಅಲ್ಲ, ಹಕ್ಕು. ಅವರನ್ನು ಬಗ್ಗುಬಡಿದ ಸೈನ್ಯಕ್ಕೆ ದುಡ್ಡು ಕೊಟ್ಟವರಲ್ಲಿ ಫುಗ್ಗರ್ ಕೂಡ ಒಬ್ಬರು. ಅದೇ ವರ್ಷ ಡಿಸೆಂಬರ್ 30ರಂದು ತೀರಿಕೊಂಡರು.

ಫುಗ್ಗರೈ ಮಾತ್ರ ಉಳಿಯಿತು. 1944ರ ಬಾಂಬ್ ದಾಳಿಯಲ್ಲಿ ಬಹುಪಾಲು ನಾಶವಾದರೂ ಮತ್ತೆ ಕಟ್ಟಿದರು. ಈಗ ಅಲ್ಲಿ ಸುಮಾರು 150 ಜನ ಇದ್ದಾರೆ. ಟ್ರಸ್ಟ್‌ನ ಕಾಡುಗಳಿಂದ ಬರುವ ಆದಾಯ ಖರ್ಚನ್ನು ತೂಗಿಸುತ್ತೆ. ಬಾಡಿಗೆಯೂ ಅದೇ, ಷರತ್ತುಗಳೂ ಅವೇ.

1948ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆ ವಸತಿಯನ್ನೂ ಎಲ್ಲರ ಹಕ್ಕುಗಳ ಜೊತೆ ಸೇರಿಸಿತು. ಐನೂರು ವರ್ಷ ಬಾಳುವ ಮನೆ ಕಟ್ಟೋದು ಹೇಗೆ, ಅದನ್ನು ನಡೆಸಿಕೊಂಡು ಹೋಗೋದು ಹೇಗೆ ಅಂತ ಫುಗ್ಗರ್ ಅವರಿಂದ ನಾವು ಖಂಡಿತ ಕಲಿಯಬಹುದು. ಆದರೆ ಬಾಗಿಲು ಯಾರಿಗೆ ತೆರೆಯಬೇಕು ಅನ್ನೋದನ್ನು ದಾನಿ ಒಬ್ಬರೇ ನಿರ್ಧರಿಸೋವರೆಗೆ ಅದು ಉಪಕಾರ ಅಷ್ಟೇ, ಹಕ್ಕಲ್ಲ ಅಂತ ನಮಗನಿಸುತ್ತೆ.